ಎರಡು ಬ್ರೀ, ಒಂದು ಕಾಮಾಂಬೇರ್, ಜೊತೆಗೆ ಕಡಕ್ ರೊಟ್ಟಿ

ಬ್ರೀ ಅಂದರೆ ಸಪ್ಪೆ ಚೀಸ್ ಅಂತಲೇ ತಿಳಿದಿದ್ದೆ. ಬೆಂಗಳೂರಿನಲ್ಲಿ ಡಬ್ಬಿಯದ್ದು ತಿಂದರೆ ಹಾಗನ್ನಿಸದೆ ಇನ್ನೇನು? ಕೆಲಸದ ಮೇಲೆ ಮೂರು ತಿಂಗಳು ಪ್ಯಾರಿಸ್‌ನಲ್ಲಿದ್ದಾಗ, ಕಾಯಿಸದ ಹಸುವಿನ ಹಾಲಿನಿಂದ ಮಾಡಿದ ಮೂರು ಮೆತ್ತನೆ ಚೀಸ್ ತಂದು ಒಂದೇ ತಟ್ಟೆಯಲ್ಲಿಟ್ಟೆ: ಬ್ರೀ ದ ಮೋ, ಬ್ರೀ ದ ಮೆಲಾಂ, ಕಾಮಾಂಬೇರ್ ದ ನಾರ್ಮಂಡಿ.

ಮೋ ನೋಡಲಿಕ್ಕೇ ಚಂದ. 36-37 ಸೆಂ.ಮೀ. ಅಗಲದ ಚಕ್ರ, ಒಂದಕ್ಕೆ ಸುಮಾರು 25 ಲೀಟರ್ ಹಾಲು ಬೇಕು. ಹೋಳು ಕೊಯ್ದು ತೂಗಿ ಕೊಡುತ್ತಾರೆ. ಬೆಣ್ಣೆಯ ರುಚಿ, ಹಿಂದೆಯೇ ಅಣಬೆಯ ವಾಸನೆ. ಯಾರಿಗೆ ಕೊಟ್ಟರೂ ಬೇಡ ಅನ್ನುವುದಿಲ್ಲ.

ಮೆಲಾಂ ಹಾಗಲ್ಲ. ಎರಡೂ ಪ್ಯಾರಿಸ್ ಪಕ್ಕದ ಒಂದೇ ಜಿಲ್ಲೆಯ ಊರುಗಳ ಹೆಸರು. ಎರಡಕ್ಕೂ 1980ರಲ್ಲೇ ಸರ್ಕಾರಿ ಗುರುತು ಸಿಕ್ಕಿತು. ಆದರೆ ಸ್ವಭಾವ ಬೇರೆ, ಕಾರಣ ಹೆಪ್ಪು. ಮೋಗೆ ರೆನೆಟ್ ಅನ್ನುವ ಕಿಣ್ವ ಹಾಕಿ ಹಾಲನ್ನು ಬೇಗ ಗಟ್ಟಿ ಮಾಡುತ್ತಾರೆ. ಮೆಲಾಂನಲ್ಲಿ ರೆನೆಟ್ ಕಡಿಮೆ, ಹುಳಿಯದ್ದೇ ಕೆಲಸ. ಕನಿಷ್ಠ 18 ಗಂಟೆ ಹಾಗೇ ಬಿಡುತ್ತಾರೆ, ನಮ್ಮ ಮನೆಯಲ್ಲಿ ರಾತ್ರಿ ಮೊಸರಿಗೆ ಹೆಪ್ಪು ಹಾಕಿಟ್ಟ ಹಾಗೆ. ಅದಕ್ಕೇ ಹುಳಿ, ಉಪ್ಪು ಎರಡೂ ಮುಂದೆ ನಿಲ್ಲುತ್ತವೆ. ವಾಸನೆ? ಬೆಳಗಿನ ಹೊತ್ತು ದನದ ಕೊಟ್ಟಿಗೆಗೆ ಕಾಲಿಟ್ಟ ಹಾಗೆ. ಮೊದಲ ತುತ್ತಿಗೆ ಮುಖ ಕಿವುಚಿದೆ. ಮೂರನೆಯದಕ್ಕೆ ಚಾಕು ನಾನೇ ಹಿಡಿದಿದ್ದೆ.

ಕಾಮಾಂಬೇರ್‌ನಲ್ಲಿ ಮೊದಲು ಮೋಸ ಹೋದೆ. ಸೂಪರ್ ಮಾರ್ಕೆಟ್‌ನಿಂದ ತಂದದ್ದು ರಬ್ಬರ್ ಹಾಗಿತ್ತು. ಆಮೇಲೆ ಗೊತ್ತಾಯಿತು, ಬರೀ ‘ಕಾಮಾಂಬೇರ್’ ಅಂತ ಯಾರು ಬೇಕಾದರೂ ಬರೆಯಬಹುದು. ‘ದ ನಾರ್ಮಂಡಿ’ ಮತ್ತು ‘ಲೇ ಕ್ರ್ಯೂ’, ಅಂದರೆ ಹಸಿ ಹಾಲು, ಎರಡೂ ಇರಬೇಕು. ಅಸಲಿಯದ್ದಕ್ಕೆ ಮೊಸರಿನಂಥ ಗಡ್ಡೆಯನ್ನು ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ಕನಿಷ್ಠ ಐದು ಸಲ ಸೌಟಿನಲ್ಲಿ ಅಚ್ಚಿಗೆ ಸುರಿಯುತ್ತಾರೆ. 250 ಗ್ರಾಂನ ಇಡೀ ಚೀಸ್ ಕೈಗೆ ಬರುವುದೇ ಇದರ ಲಾಭ: ಎಷ್ಟು ಹಣ್ಣಾಗಬೇಕು ಅನ್ನುವುದು ನಿಮ್ಮ ಕೈಯಲ್ಲಿ. ಹೆಬ್ಬೆರಳಲ್ಲಿ ಒತ್ತಿ ನೋಡಿ, ನಡುವೆ ಮೆತ್ತಗಾದ ಮೇಲೆ ಬಿಡಿಸಿ. ನಾನು ನಾಲ್ಕು ದಿನ ಜಾಸ್ತಿ ಇಟ್ಟು ಅಮೋನಿಯಾ ವಾಸನೆ ಬರಿಸಿಕೊಂಡೆ, ಅದು ಬೇರೆ ಮಾತು.

ಎರಡು ಎಚ್ಚರಿಕೆ. ರೆನೆಟ್ ಬರುವುದು ಕರುವಿನ ಹೊಟ್ಟೆಯಿಂದ, ಹಾಗಾಗಿ ಪಕ್ಕಾ ಸಸ್ಯಾಹಾರಿಗಳಿಗೆ ಮೂರೂ ಆಗುವುದಿಲ್ಲ. ಹಸಿ ಹಾಲಿನಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಭಯ ಇರುವುದರಿಂದ ಬಸುರಿಯರು ಮುಟ್ಟಬಾರದು.

ಮನೆಗೆ ನೆಂಟರು ಬಂದರೆ ಮೋ ಕೊಡಿ. ನನಗಂತೂ ಮೆಲಾಂ. ಫ್ರೆಂಚರು ಬ್ರೆಡ್ ಜೊತೆ ತಿಂತಾರೆ. ನಾನು ಊರಿಂದ ಒಯ್ದಿದ್ದ ಕಡಕ್ ರೊಟ್ಟಿಗೆ ಸವರಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದೆ. ಪಕ್ಕದಲ್ಲಿದ್ದ ಫ್ರೆಂಚ್ ಸಹೋದ್ಯೋಗಿ ಮೊದಲು ಹುಬ್ಬೇರಿಸಿದರು. ಆಮೇಲೆ ಉಳಿದ ಎರಡು ರೊಟ್ಟಿ ಅವರೇ ಖಾಲಿ ಮಾಡಿದರು.