ರಿವರ್ಸ್‌ನಲ್ಲಿ ಹೇಳಿದ ಮಾತು ಕೇಳುವ ಗಾಡಿ ಯಾವುದು?

12 ಚಕ್ರದ ಲಾರಿ, 40 ಅಡಿ ಕಂಟೇನರ್ ಹೊರುವ ಟ್ರೇಲರ್ ಮತ್ತು ಸಿಮೆಂಟ್ ಬಲ್ಕರ್ (ಬಿಡಿ ಸಿಮೆಂಟ್ ಹೊರುವ ಟ್ಯಾಂಕಿನ ಟ್ರೇಲರ್), ಈ ಮೂರನ್ನೂ ನಾನು ಓಡಿಸಿದ್ದೇನೆ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನೂ ನಡೆಸಿದ್ದೇನೆ. ಮುಂದಕ್ಕೆ ಹೋಗುವಾಗ ಇವುಗಳ ವ್ಯತ್ಯಾಸ ಬೇಗನೆ ಕೈಗೆ ಹತ್ತುತ್ತದೆ. ಹಿಂದಕ್ಕೆ ತೆಗೆಯುವಾಗ ಮಾತ್ರ ಒಂದೊಂದಕ್ಕೂ ಬೇರೆಯೇ ಲೆಕ್ಕವಿದ್ದು, ಗಾಡಿ ಉದ್ದವಾದಷ್ಟೂ ಕಷ್ಟ ಎಂಬ ನಂಬಿಕೆ ನನ್ನ ಅನುಭವದಲ್ಲಿ ನಿಲ್ಲುವುದಿಲ್ಲ.

12 ಚಕ್ರದ ಲಾರಿಯದು ಒಂದೇ ಚಾಸಿ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಹಿಂಭಾಗವೂ ಬಲಕ್ಕೇ ಹೋಗುವುದರಿಂದ ಹೊಸಬನಿಗೂ ಗೊಂದಲವಿಲ್ಲ. ಆದರೆ ನಡುವೆ ಮಡಚಿಕೊಳ್ಳುವ ಕೀಲು ಇಲ್ಲದ ಕಾರಣ, ಯಶವಂತಪುರದ ಎಪಿಎಂಸಿ ಯಾರ್ಡಿನಂತಹ ಕಡೆ ಹಿಂಭಾಗ ಮಳಿಗೆಗೆ ಸರಿಯಾಗಿ ಹೊಂದಿದರೂ ಮೂತಿ ಅಗಲವಾಗಿ ಹೊರಳಿ ಎದುರು ನಿಂತ ಗಾಡಿಯವರೆಗೆ ಹೋಗುತ್ತದೆ.

40 ಅಡಿ ಟ್ರೇಲರಿನಲ್ಲಿ ಎಲ್ಲವೂ ಕಿಂಗ್ ಪಿನ್ನಿನ, ಅಂದರೆ ಟ್ರೇಲರನ್ನು ಎಳೆಯುವ ಮುಂದಿನ ಗಾಡಿಗೆ ಸೇರಿಸುವ ಗೂಟದ, ಸುತ್ತ ನಡೆಯುತ್ತದೆ. ಟ್ರೇಲರಿನ ಬಾಲ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು. ಬೇಕಾದಷ್ಟು ಕೋನ ಬಂದ ಕೂಡಲೇ ಬಲಕ್ಕೆ ಬಿಟ್ಟು, ಮುಂದಿನ ಗಾಡಿ ಟ್ರೇಲರನ್ನು ಹಿಂಬಾಲಿಸುವಂತೆ ಮಾಡಬೇಕು. ಹಾಗೆ ಬಿಡದಿದ್ದರೆ ಕೋನ ತಾನಾಗಿಯೇ ಬೆಳೆಯುತ್ತಾ ಹೋಗಿ ಕ್ಯಾಬಿನ್ನು ಟ್ರೇಲರಿಗೆ ಒರಗುವ ಸ್ಥಿತಿ ಬರುತ್ತದೆ. ಇಷ್ಟಾದರೂ ಈ ಗಾಡಿಗೆ ಒಂದು ದೊಡ್ಡ ಗುಣವಿದೆ: ಕಿಂಗ್ ಪಿನ್ನಿನಿಂದ ಹಿಂದಿನ ಆಕ್ಸಲ್‌ಗಳು ದೂರವಿರುವುದರಿಂದ ಕೋನ ನಿಧಾನವಾಗಿ ಬದಲಾಗುತ್ತದೆ, ಕನ್ನಡಿ ನೋಡಿ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಲಕ್ಕೆ ಮಡಚುವಾಗ ಟ್ರೇಲರಿನ ಪೂರ್ತಿ ಪಕ್ಕ ಕನ್ನಡಿಯಲ್ಲಿ ಕಾಣುತ್ತದೆ, ಕಿಟಕಿಯಿಂದ ತಲೆ ಹಾಕಿಯೂ ನೋಡಬಹುದು. ಎಡಕ್ಕೆ ಮಡಚಿದರೆ ಬಲಗನ್ನಡಿಯಲ್ಲಿ ಖಾಲಿ ನೆಲವಷ್ಟೇ ಉಳಿಯುತ್ತದೆ. ಆದ್ದರಿಂದ ವೈಟ್‌ಫೀಲ್ಡಿನ ಕಂಟೇನರ್ ಡಿಪೋ ಕಡೆಯ ಗೋದಾಮುಗಳಲ್ಲಿ ಒಂದು ಸುತ್ತು ಹೆಚ್ಚು ಹೊಡೆದಾದರೂ ಬಾಗಿಲು ಬಲಕ್ಕೆ ಬರುವಂತೆ ಗಾಡಿ ನಿಲ್ಲಿಸಿಕೊಳ್ಳುವುದು ನನ್ನ ಪದ್ಧತಿ. ಇದರ ನಿಜವಾದ ದೋಷ ಟೈರಿನದು. ಮೂರು ಆಕ್ಸಲ್ ಒಟ್ಟಿಗಿರುವ ಟ್ರೇಲರನ್ನು ತುಂಬಿದ ಲೋಡಿನಲ್ಲಿ ಬಿಗಿಯಾಗಿ ಮಡಚಿದರೆ ಚಕ್ರಗಳು ಉರುಳುವುದಕ್ಕಿಂತ ಅಡ್ಡಡ್ಡ ಉಜ್ಜುತ್ತವೆ, ಮಾಲೀಕರ ಮುಖ ಅಲ್ಲೇ ಗಂಟಿಕ್ಕುತ್ತದೆ.

ಬಲ್ಕರನ್ನು ನೋಡಿದವರು ಅದರ ಗಿಡ್ಡ ಉದ್ದಕ್ಕೆ ಮೋಸಹೋಗುತ್ತಾರೆ. ಪಿನ್ನಿಗೂ ಆಕ್ಸಲ್‌ಗಳಿಗೂ ಅಂತರ ಕಡಿಮೆ ಇರುವುದರಿಂದ ಸ್ಟೇರಿಂಗ್ ಸ್ವಲ್ಪ ಅಲುಗಿದರೂ ಬಾಲ ತುಂಟ ಕರುವಿನಂತೆ ಪಕ್ಕಕ್ಕೆ ಜಿಗಿಯುತ್ತದೆ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಜಾಗ ಧಾರಾಳವಾಗಿದ್ದು ತೊಂದರೆಯಿಲ್ಲ. ಸಿಮೆಂಟ್ ಇಳಿಸುವ ಕಾಂಕ್ರೀಟ್ ಪ್ಲಾಂಟುಗಳಲ್ಲಿ ಜಲ್ಲಿಯ ರಾಶಿಗೂ ಸಿಮೆಂಟ್ ತುಂಬಿಡುವ ಸೈಲೋ ಗೋಪುರದ ಕಾಲಿಗೂ ನಡುವೆ ನುಗ್ಗಿಸಬೇಕಾದಾಗ ಕ್ಲಚ್ ಮೇಲೆಯೇ ಇಂಚಿಂಚು ಸರಿಸಬೇಕಾಗುತ್ತದೆ.

ಈ ಎರಡರಲ್ಲೂ ಕ್ಯಾಬಿನ್ ಹಿಂದೆ ಕ್ಯಾಮೆರಾ ಕೂಡಿಸಿ ಪ್ರಯೋಜನವಿಲ್ಲ, ಅದಕ್ಕೆ ಕಾಣುವುದು ಕಂಟೇನರಿನ ಗೋಡೆ ಅಥವಾ ಟ್ಯಾಂಕಿನ ಮುಖ ಮಾತ್ರ. "ಬರ್ಲಿ, ಬರ್ಲಿ" ಎನ್ನುವ ಕ್ಲೀನರ್ ಇರಲೇಬೇಕು. ಅವನು ಕನ್ನಡಿಯಲ್ಲಿ ಕಾಣಿಸದಿದ್ದ ಕ್ಷಣ ಗಾಡಿ ನಿಲ್ಲಿಸಬೇಕು.

ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರನ್ನು ಈ ಸಾಲಿನಲ್ಲಿ ತೂಗುವುದೇ ಅನ್ಯಾಯ. ಮುಂದಿನ ಚಕ್ರಗಳು ತಿರುಗುವ ನಾಲ್ಕು ಚಕ್ರದ ಟ್ರೇಲರಿನಲ್ಲಿ ಕೊಂಡಿಯದೊಂದು, ಮುಂದಿನ ಆಕ್ಸಲಿನದೊಂದು ಎಂದು ಎರಡು ಕೀಲುಗಳಿದ್ದು, ಎರಡು ಟ್ರೇಲರ್ ಕಟ್ಟಿದಾಗ ನಾಲ್ಕಾಗುತ್ತವೆ. ಒಂದೇ ಟ್ರೇಲರನ್ನು ಕಸರತ್ತು ಮಾಡಿ ಹಿಂದಕ್ಕೆ ತೆಗೆಯಬಹುದು. ಎರಡಿದ್ದಾಗ ಹಿಂದಿನದನ್ನು ಬಿಚ್ಚುವುದೇ ಬೇಗ ಆಗುವ ಕೆಲಸ.

ಪೇಟೆಯ ಇಕ್ಕಟ್ಟಿನ ಮಳಿಗೆಗಳಿಗೆ ದಿನವೂ ಸರಕು ಹಾಕುವವರಿಗೆ ನಾನು 12 ಚಕ್ರವನ್ನೇ ಹೇಳುತ್ತೇನೆ. ರಿವರ್ಸ್ ಸರಿಯಾಗಿ ಕಲಿಯಬೇಕೆನ್ನುವವರು 40 ಅಡಿಯಲ್ಲಿ ಕಲಿಯಲಿ, ಅದು ತಿದ್ದಿಕೊಳ್ಳಲು ಬಿಡುತ್ತದೆ. ಬಲ್ಕರಿಗೆ ಮಾತ್ರ, ಬಾಟಾ (ಭತ್ಯೆ) ಹೆಚ್ಚು ಕೊಡುವುದಾದರೆ, ನಾನು ಮತ್ತೆ ಹತ್ತುತ್ತೇನೆ.