ಲಾರಿ ಸ್ಪ್ರಿಂಗಿನ ಚಾಕು, ಸ್ವೀಡನ್ನಿನ ಚಾಕು

ಆನ್‌ಲೈನ್ ಅಂಗಡಿಗಳಲ್ಲಿ ‘ಬೇಟೆಯ ಚಾಕು’ ಎಂದು ಹುಡುಕಿದರೆ ಬರುವ ಮಾಲು ನೋಡಿ: ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಮೈತುಂಬ ಕಪ್ಪು ಬಣ್ಣ. ಸಿನಿಮಾದ ಖಳನಾಯಕನಿಗೆ ಒಪ್ಪುತ್ತದೆ. ತೊಗಲು ಸುಲಿಯುವವನಿಗೆ ಕೆಲಸಕ್ಕೆ ಬಾರದು. ನಮ್ಮಲ್ಲಿ ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಜಗಳೂರು ಕಡೆಯ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳಿಗೆಂದೇ ವನ್ಯಧಾಮವಿದೆ, ಅವು ಅಲ್ಲಿ ನೆಮ್ಮದಿಯಾಗಿರಲಿ. ಆದರೆ ಬೇಟೆಗಾರನ ಚಾಕು ಮಾಡುವ ಕೆಲಸ, ಎಂದರೆ ತೊಗಲು ಬಿಡಿಸುವುದು, ಹೊಟ್ಟೆ ಸೀಳುವುದು, ಕೀಲು ಕಳಚುವುದು, ನಮ್ಮ ದಾವಣಗೆರೆಗೇನೂ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಒಳ್ಳೆಯ ಚಾಕು ಇರುವವನ ಮನೆಗೆ ನೆಂಟರು ತಾವಾಗಿಯೇ ಬರುತ್ತಾರೆ.

ನಾನು ಲಾರಿ ಗ್ಯಾರೇಜಿನವನು. ಮೆಕ್ಕೆಜೋಳ ಹೇರಿಕೊಂಡು ಬರುವ ಗಾಡಿಗಳು ಬಿಟ್ಟುಹೋದ ಹಳೆಯ ಸ್ಪ್ರಿಂಗ್ ಪಟ್ಟಿಗಳು ಮೂಲೆಯಲ್ಲಿ ಸದಾ ಬಿದ್ದಿರುತ್ತವೆ. ಅದರಲ್ಲೊಂದು ತುಂಡನ್ನು ಕುಲುಮೆಗೆ ಒಯ್ದು ಮಾಡಿಸಿದ್ದು ನನ್ನ ಮೊದಲ ಚಾಕು. ಎರಡನೆಯದು ಸ್ವೀಡನ್ನಿನ ಮೋರಾ ಕಂಪ್ಯಾನಿಯನ್, ಸ್ಟೇನ್‌ಲೆಸ್ ಅಲಗಿನದು, ತಮ್ಮನ ಮಗ ಕೊಡಿಸಿದ್ದು. ಅದರ ಬೆಲೆಗೆ ಕುಲುಮೆಯ ಚಾಕುಗಳು ನಾಲ್ಕೈದು ಬರುತ್ತವೆ.

ಉಕ್ಕಿನ ಲೆಕ್ಕ ಹೇಳುತ್ತೇನೆ, ಏಕೆಂದರೆ ಜನ ಮೋಸಹೋಗುವುದು ಇಲ್ಲೇ. ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.6. ಚಾಕುಗಳಿಗೆ ಹೆಸರಾದ ಸ್ವೀಡನ್ನಿನ 12ಸಿ27 ಸ್ಟೇನ್‌ಲೆಸ್ ಉಕ್ಕಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಎದ್ದುಕಾಣುವ ವ್ಯತ್ಯಾಸವೆಂದರೆ ಎರಡನೆಯದರಲ್ಲಿ ಕ್ರೋಮಿಯಂ ಶೇ 13ಕ್ಕೂ ಮಿಗಿಲು. ತುಕ್ಕನ್ನು ದೂರವಿಡುವುದು ಅದೇ. ಹಾಗಾಗಿ ಸ್ಪ್ರಿಂಗಿನಂಥ ಉಕ್ಕನ್ನು ಕಾರ್ಬನ್ ಎಂದು ಕರೆದು ‘ಕಾರ್ಬನ್ ಮೇಲೋ ಸ್ಟೇನ್‌ಲೆಸ್ ಮೇಲೋ’ ಎಂಬ ಜಗಳದಲ್ಲಿ ಹುರುಳಿಲ್ಲ. ಹದ, ಎಂದರೆ ಉಕ್ಕನ್ನು ಕಾಯಿಸಿ ತಣಿಸಿ ಬೇಕಾದಷ್ಟು ಗಡಸು ಮಾಡುವ ಕೆಲಸ, ಸರಿಯಾಗಿ ಬಿದ್ದಿದೆಯೇ ಎಂದು ಕೇಳಬೇಕು. ಸಂತೆಯಲ್ಲಿ ನೂರು ರೂಪಾಯಿಗೆ ಸಿಗುವ ಥಳಥಳಿಸುವ ಚಾಕುಗಳಲ್ಲಿ ಕೆಲವು ತಟ್ಟೆ ಲೋಟ ಮಾಡುವ ಸ್ಟೀಲಿನವು. ಆ ಉಕ್ಕು ಎಷ್ಟು ಕಾಯಿಸಿದರೂ ಗಡಸಾಗುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಲ್ಲೇ ಇಟ್ಟು ಬನ್ನಿ.

ಕುಲುಮೆಯಲ್ಲಿ ನನ್ನ ಚಾಕುವಿಗೆ ಹದ ಹಾಕಿದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಕುಲುಮೆಯ ಅಜ್ಜ ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರು. ಪಕ್ಕದಲ್ಲೇ ನೀರಿತ್ತಲ್ಲ ಎಂದಾಗ, ‘ಸ್ಪ್ರಿಂಗಿಗೆ ನೀರು ಆಗುವುದಿಲ್ಲ ತಮ್ಮಾ, ಬಿರುಕು ಬಿಡುತ್ತದೆ’ ಎಂದರು. ಆಮೇಲೆ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಿದರು. ಆ ಬಿಳುಪಿನ ಮೇಲೆ ಬಣ್ಣ ಹರಿಯತೊಡಗಿತು: ಬೆನ್ನಿನಲ್ಲಿ ನೀಲಿ, ನಡುವೆ ನೇರಳೆ, ಬಾಯಿಯ ಹತ್ತಿರ ಒಣಹುಲ್ಲಿನ ಹಳದಿ. ಹಳದಿ ಬಾಯಿಗೆ ಮುಟ್ಟಿದ ಗಳಿಗೆಯಲ್ಲಿ ಮತ್ತೆ ಎಣ್ಣೆಗೆ. ಬಾಯಿ ಗಡಸು, ಬೆನ್ನು ಮೆತ್ತಗೆ. ತಣ್ಣಗಾದ ಮೇಲೆ ಬಾಯಿಗೆ ಅರ ಹಾಕಿದರೆ ಕಚ್ಚದೆ ಜಾರಿತು. ಇಷ್ಟು ನೋಡಿದ ಮೇಲೆ ಮುನ್ನೂರೈವತ್ತು ರೂಪಾಯಿಗೆ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಅಲಗು ನಾಲ್ಕು ಇಂಚು ಸಾಕು ಎಂದು ಮೊದಲೇ ಹೇಳಿದ್ದೆ. ಮೊನೆ ಬೆನ್ನಿಗಿಂತ ತುಸು ಕೆಳಗೆ ಇಳಿದಿರಬೇಕು; ಮೇಲಕ್ಕೆ ಸೆಟೆದ ಮೊನೆ ಹೊಟ್ಟೆ ಸೀಳುವಾಗ ಕರುಳಿಗೆ ತಾಗಿದರೆ ಮಾಂಸವೆಲ್ಲ ಹಾಳು. ಉಕ್ಕು ಹಿಡಿಯ ಕೊನೆಯವರೆಗೂ ಹೋಗಿದೆ, ಎರಡೂ ಬದಿಗೆ ಜಾಲಿ ಮರದ ಹೋಳು, ಮೂರು ರಿವೆಟ್.

ಕೆಲಸದಲ್ಲಿ ಇದು ಸೊಗಸು. ತೊಗಲು ಮತ್ತು ಮಾಂಸದ ನಡುವಿನ ಬಿಳಿ ಪೊರೆಗೆ ಮುಟ್ಟಿಸಿದರೆ ಸಾಕು, ಒತ್ತಬೇಕಾಗಿಲ್ಲ. ಬಾಯಿ ಮೊಂಡಾದರೆ ಮನೆಯ ಸಾಣೆಕಲ್ಲಿನ ಮೇಲೆ ಹತ್ತು ಎಳೆತಕ್ಕೆ ಮತ್ತೆ ತಯಾರು. ಆದರೆ ರಕ್ತ ಮೆತ್ತಿದ ಚಾಕುವನ್ನು ಹಾಗೇ ಇಟ್ಟು ಊಟಕ್ಕೆ ಕೂತರೆ ಏಳುವಷ್ಟರಲ್ಲಿ ಕಲೆ ಬಿದ್ದಿರುತ್ತದೆ. ಬೂದು ಕಲೆ ಬಿದ್ದರೆ ಚಿಂತೆಯಿಲ್ಲ, ಕೆಂಪು ತುಕ್ಕು ಮಾತ್ರ ಬೇಡ. ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಬೇಕು. ನಿಂಬೆಹಣ್ಣು ಕೊಯ್ಯಲು ಯಾರಿಗೂ ಕೊಡಬಾರದು, ಮನೆಯವರು ಏನೇ ಅನ್ನಲಿ.

ಮೋರಾ ಇಂಥ ಉಪಚಾರ ಕೇಳುವುದಿಲ್ಲ. ರಬ್ಬರಿನಂಥ ಹಿಡಿ ಕೊಬ್ಬು ಮೆತ್ತಿದ ಕೈಯಲ್ಲೂ ಜಾರುವುದಿಲ್ಲ. ಈ ಒಂದು ವಿಷಯದಲ್ಲಿ ಜಾಲಿ ಮರ ಅದರ ಹತ್ತಿರ ಸುಳಿಯದು. ಉಕ್ಕು ಹಿಡಿಯ ಕೊನೆಯವರೆಗೆ ಹೋಗಿಲ್ಲ, ಆದ್ದರಿಂದ ಮೀಟುಗೋಲಿನಂತೆ ಬಳಸುವವರಿಗೆ ಇದು ತಕ್ಕದ್ದಲ್ಲ. ಸುಲಿಯಲು, ಕೊಯ್ಯಲು ಏನೂ ಕೊರತೆಯಿಲ್ಲ. ಮಸೆಯಲು ಮಾತ್ರ ನನ್ನ ಕಲ್ಲಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಚಾಕು ನಿಮ್ಮ ಕೈಯಲ್ಲೇ ಇರುವುದಾದರೆ ಕುಲುಮೆಯದನ್ನೇ ಮಾಡಿಸಿಕೊಳ್ಳಿ. ನಾಲ್ಕು ಮನೆ ಸುತ್ತಿ, ಒದ್ದೆ ಚೀಲದಲ್ಲಿ ಬಿದ್ದು ವಾಪಸು ಬರುವ ಚಾಕುವಾದರೆ ಸ್ಟೇನ್‌ಲೆಸ್ ಕೊಳ್ಳಿ. ಜಾತ್ರೆಯಲ್ಲಿ ನಾನು ನೆಂಟರಿಗೆ ಕೊಡುವುದು ಮೋರಾವನ್ನೇ. ಸ್ಪ್ರಿಂಗ್ ತುಂಡು ಒಯ್ಯುವವರು ಮುರಿದ ಜಾಗದ ಪಕ್ಕದ್ದನ್ನು ಕೊಡಬೇಡಿ, ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಕುಲುಮೆಯವರು ಒರೆ ಕೊಡುವುದಿಲ್ಲ. ಚರ್ಮದ ಒರೆ ತೇವ ಹಿಡಿದು ತುಕ್ಕು ತರಿಸುತ್ತದೆ. ನಾನು ಪಿವಿಸಿ ಪೈಪಿನ ತುಂಡನ್ನು ಕಾಯಿಸಿ, ಚಪ್ಪಟೆ ಮಾಡಿ, ನೀರಿಳಿಯಲು ಕೆಳಗೊಂದು ತೂತು ಕೊರೆದುಕೊಂಡಿದ್ದೇನೆ.