ಹಿಮಾಚಲದ ಪೀಚ್: ಕೆಂಪು ನೋಡಿ ಕೊಳ್ಳಬೇಡಿ

ಬೆಂಗಳೂರಿನ ಹಣ್ಣಿನಂಗಡಿಗಳಲ್ಲಿ ಬೋರ್ಡಿನ ಮೇಲೆ ಬರೀ ‘ಪೀಚ್’ ಎಂದಿರುತ್ತದೆ. ತಳಿ ಯಾವುದು, ಎಲ್ಲಿಂದ ಬಂತು ಎಂಬುದಿಲ್ಲ. ನಮ್ಮ ಮೊದಲ ತಕರಾರು ಇದೇ. ಮೇ ತಿಂಗಳ ಹಣ್ಣಿಗೂ ಜೂನ್ ಕೊನೆಯ ಹಣ್ಣಿಗೂ ರುಚಿಯಲ್ಲಿ ಅಜಗಜಾಂತರ.

ಮೊದಲು ಬರುವುದು ಪಂಜಾಬಿನ ಬಯಲಿನ ಶಾನ್-ಎ-ಪಂಜಾಬ್, ಫ್ಲೋರ್ಡಾ ಪ್ರಿನ್ಸ್‌ನಂಥ ತಳಿಗಳು. ಚಳಿಗಾಲದಲ್ಲಿ ಸಾಕಷ್ಟು ಗಂಟೆ ತಣ್ಣಗಿರದಿದ್ದರೆ ಪೀಚ್ ಮರ ಸರಿಯಾಗಿ ಚಿಗುರುವುದಿಲ್ಲ, ಹೂ ಬಿಡುವುದಿಲ್ಲ. ಈ ತಳಿಗಳಿಗೆ ಕಡಿಮೆ ಚಳಿ ಸಾಕು. ಬೇಗ ಮಾಗುವ ಪೀಚ್‌ಗಳಲ್ಲಿ ಸಾಮಾನ್ಯವಾಗಿ ತಿರುಳು ಓಟೆಗೆ ಅಂಟಿಕೊಂಡೇ ಇರುತ್ತದೆ. ಹೋಳು ಮಾಡಲು ಹೋದರೆ ಕೈಗೆ ಬರುವುದು ಮುದ್ದೆ.

ಕಾಯಬೇಕಾದದ್ದು ‘ಜುಲೈ ಎಲ್ಬರ್ಟಾ’ ಎಂಬ ತಳಿಗೆ. ಹಿಮಾಚಲದ ಸಿರ್ಮೌರ್ ಜಿಲ್ಲೆಯ ರಾಜಗಢ ಸುತ್ತಿನ ಬೆಟ್ಟದ ತೋಟಗಳು ಇದಕ್ಕೆ ಹೆಸರುವಾಸಿ. ಮೂಲ ಎಲ್ಬರ್ಟಾ ಅಮೆರಿಕದ ಜಾರ್ಜಿಯಾದಲ್ಲಿ 1870ರ ದಶಕದಲ್ಲಿ ಸ್ಯಾಮ್ಯುಯೆಲ್ ರಂಫ್ ಬೆಳೆಸಿದ ತಳಿ, ಹೆಸರು ಆತನ ಹೆಂಡತಿಯದು. ಪೀಚ್ ಮಾತ್ರ ಭಾರತಕ್ಕೆ ಅದಕ್ಕೂ ಬಹಳ ಹಿಂದೆಯೇ ಬಂದಿತ್ತು. ತವರು ಚೀನಾ; ಕನಿಷ್ಕನ ಕಾಲದಲ್ಲಿ ಒತ್ತೆಯಾಳುಗಳಾಗಿ ಬಂದವರು ಪೀಚ್, ಪೇರ್ ಎರಡನ್ನೂ ಪಂಜಾಬಿಗೆ ತಂದರೆಂದು 7ನೇ ಶತಮಾನದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ.

ಕೊಳ್ಳುವಾಗ ಎಲ್ಲರೂ ಎಡವುವುದು ಬಣ್ಣದಲ್ಲಿ. ಕೆನ್ನೆಯ ಕೆಂಪು ಬಿಸಿಲು ಮತ್ತು ತಳಿಯ ಗುಣ, ಮಾಗಿದ್ದರ ಗುರುತಲ್ಲ. ತೊಟ್ಟಿನ ಗುಳಿಯ ಸುತ್ತ ನೋಡಿ: ಅಲ್ಲಿ ಹಸಿರು ಉಳಿದಿದ್ದರೆ ಎಳೆಯದರಲ್ಲೇ ಕಿತ್ತದ್ದು. ಅಂಥದ್ದು ಮನೆಯಲ್ಲಿಟ್ಟರೆ ಮೆತ್ತಗಾಗುತ್ತದೆ, ಸಿಹಿಯಾಗುವುದಿಲ್ಲ. ಬಾಳೆಯಂತೆ ಸಕ್ಕರೆಯಾಗಿ ಬದಲಾಗಲು ಇದರಲ್ಲಿ ಪಿಷ್ಟದ ದಾಸ್ತಾನಿಲ್ಲ. ಹಳದಿ ತಳಿಯಾದರೆ ಗುಳಿ ಹಳದಿಗೆ ತಿರುಗಿರಬೇಕು, ಮೂಗಿನ ಹತ್ತಿರ ಹಿಡಿದರೆ ಪರಿಮಳ ಬರಬೇಕು. ಹೆಬ್ಬೆರಳಿನಿಂದ ಒತ್ತಿ ನೋಡಬೇಡಿ, ಒತ್ತಿದ ಜಾಗ ಮರುದಿನಕ್ಕೆ ಕಂದು.

ಇನ್ನು ಫ್ರಿಜ್. ಗಟ್ಟಿ ಪೀಚನ್ನು ತಂದ ಕೂಡಲೇ ಒಳಗಿಟ್ಟರೆ ಹಣ್ಣು ಕೆಟ್ಟಂತೆಯೇ. 2ರಿಂದ 8 ಡಿಗ್ರಿಯ ನಡುವೆ ಹಲವು ದಿನ ಇದ್ದರೆ ತಿರುಳಿನ ರಸ ಬತ್ತಿ ಹಿಟ್ಟುಹಿಟ್ಟಾಗುತ್ತದೆ, ಓಟೆಯ ಸುತ್ತ ಕಂದು ಹರಡುತ್ತದೆ. ಮನೆಯ ಫ್ರಿಜ್ ಇರುವುದೇ ಈ ಉಷ್ಣಾಂಶದಲ್ಲಿ. ದಾರಿಯಲ್ಲಿ ಶೀತಲ ಸರಪಳಿ (ತೋಟದಿಂದ ಅಂಗಡಿಯವರೆಗಿನ ತಂಪು ಸಾಗಣೆ) ಎಡವಿದರೂ ಇದೇ ಗತಿ. ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ ಮೊದಲು ಎರಡೇ ಕೊಂಡು ಕುಯ್ದು ನೋಡುವುದು ಜಾಣತನ. ಒಂದರ ಮೇಲೊಂದು ಪೇರಿಸದೆ, ತೊಟ್ಟು ಕೆಳಗೆ ಮಾಡಿ ಕಾಗದದ ಮೇಲೆ ಎರಡು ದಿನ ಹೊರಗಿಡಿ. ಹಣ್ಣಾದ ಮೇಲೆ ಬೇಕಿದ್ದರೆ ಒಂದೆರಡು ದಿನ ಫ್ರಿಜ್.

ಸಿಪ್ಪೆ ತೆಗೆಯಲು ತುದಿಯಲ್ಲಿ ಅಡ್ಡಡ್ಡ ಗೀರಿ, ಕುದಿವ ನೀರಿನಲ್ಲಿ 30 ಸೆಕೆಂಡ್, ತಕ್ಷಣ ತಣ್ಣೀರು. ಕಾಯಿಗೆ ಈ ಉಪಾಯ ನಡೆಯದು. ಓಟೆಯೊಳಗಿನ ಬೀಜ ಬಾದಾಮಿಯಂತೆ ಕಂಡರೂ ತಿನ್ನಬೇಡಿ, ಹೊಟ್ಟೆಯಲ್ಲಿ ಸಯನೈಡ್ ಬಿಡುವ ಅಮಿಗ್ಡಲಿನ್ ಅದರಲ್ಲಿದೆ.

ಕೇಕಿಗೆ, ಕಸ್ಟರ್ಡಿಗೆ ಡಬ್ಬಿಯ ಪೀಚೇ ವಾಸಿ, ವರ್ಷವಿಡೀ ಒಂದೇ ರುಚಿ. ಆದರೆ ಬೆಲೆ ಹೋಲಿಸುವಾಗ ಒಟ್ಟು ತೂಕ ನೋಡದೆ, ಪಾಕ ಬಸಿದ ಮೇಲಿನ ತೂಕ ನೋಡಿ. ಡಬ್ಬಿಯ ಮೇಲೆ ಅದನ್ನು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ.